‘ಯಾಕಿ’ಗೆ ಏನೆನ್ನೋಣ? ಸುಡುವುದಾ, ಹುಯ್ಯುವುದಾ?

ಗೆಳೆಯರೇ, ಜಪಾನಿನ ಊಟದ ಒಂದೆರಡು ಪದಗಳನ್ನು ಕನ್ನಡಕ್ಕೆ ತರಲು ನಿಮ್ಮ ನೆರವು ಬೇಕು.

ನಾವಿರುವುದು ಟೋಕಿಯೊದಲ್ಲಿ. ಮಂಡ್ಯದಿಂದ ಅಮ್ಮ ಬಂದಿದ್ದಾರೆ. ಹೋದ ಭಾನುವಾರ ಅವರನ್ನೂ ಮಗಳನ್ನೂ ಕರೆದುಕೊಂಡು ತ್ಸುಕಿಶಿಮಾಗೆ ಹೋಗಿದ್ದೆವು. ಅಲ್ಲಿ ಬೀದಿಯುದ್ದಕ್ಕೂ ಮೊಂಜಾಯಾಕಿ ಎಂಬ ತಿಂಡಿಯ ಅಂಗಡಿಗಳೇ. ಮೇಜಿನ ನಡುವೆ ಕಾವಲಿ ಇರುತ್ತದೆ, ಬಟ್ಟಲಲ್ಲಿ ನೀರಾದ ಹಿಟ್ಟು, ಹೆಚ್ಚಿದ ಎಲೆಕೋಸು, ಸೀಗಡಿ ತಂದಿಟ್ಟು ಹೋಗುತ್ತಾರೆ, ಮಿಕ್ಕಿದ್ದೆಲ್ಲ ನಮ್ಮದೇ ಕೆಲಸ. ರಾತ್ರಿ ಚಿಕ್ಕಮ್ಮನಿಗೆ ಫೋನ್ ಮಾಡಿದ ಅಮ್ಮ "ಇಲ್ಲಿ ಹೋಟೆಲಲ್ಲೂ ನಾವೇ ಹುಯ್ಕೊಂಡು ತಿನ್ಬೇಕು ಕಣೇ" ಅಂದರು. ಅಲ್ಲಿಂದ ನನ್ನ ತಲೆಯಲ್ಲಿ ಇದು ಶುರುವಾಯಿತು.

ಒಕೊನೊಮಿಯಾಕಿ, ಯಾಕಿನಿಕು, ಮೊಂಜಾಯಾಕಿ, ಎಲ್ಲದರಲ್ಲೂ ಇರುವ ‘ಯಾಕಿ’ ಬಂದದ್ದು ‘ಯಾಕು’ ಎಂಬ ಒಂದೇ ಕ್ರಿಯಾಪದದಿಂದ. ಮೀನಿಗೂ ಅದೇ, ಬ್ರೆಡ್ಡಿಗೂ ಅದೇ, ಮಡಕೆ ಸುಡುವುದಕ್ಕೂ ಅದೇ. ಹಾಗಾದರೆ ನಮ್ಮ ‘ಸುಡು’ ಸರಿಹೋಗುತ್ತದೆ ಅಲ್ವಾ ಅಂದುಕೊಂಡೆ. ಕೆಂಡದ ಮೇಲೆ ತಂತಿಬಲೆ ಇಟ್ಟು ಮಾಂಸ ಸುಡುವ ಯಾಕಿನಿಕುಗೆ ಸರಿ, ಬದನೆಕಾಯಿ ಸುಟ್ಟ ಹಾಗೆ. ಆದರೆ ಎಲೆಕೋಸು ಬೆರೆಸಿದ ದಪ್ಪ ದೋಸೆಯಂಥ ಒಕೊನೊಮಿಯಾಕಿಯನ್ನು ಯಾರೂ ಸುಡುವುದಿಲ್ಲ, ಹಿಟ್ಟನ್ನು ಹುಯ್ಯುತ್ತಾರೆ, ಒಂದು ಮಗ್ಗುಲು ಬೆಂದ ಮೇಲೆ ಮಗುಚುತ್ತಾರೆ. ಮಲೆನಾಡಿನವರು ‘ಎರೆಯುವುದು’ ಅನ್ನುತ್ತೀರಿ. ಜಪಾನಿನವರು ಒಂದರಲ್ಲಿ ಮುಗಿಸುವುದಕ್ಕೆ ನಮಗೆ ಸುಡು, ಹುರಿ, ಹುಯ್ಯಿ, ತಟ್ಟು, ಎರೆ ಎಂದು ಬೇರೆಬೇರೆ ಬೇಕು. ನನಗಂತೂ ಇದು ನಮ್ಮ ಸಿರಿವಂತಿಕೆ ಅನ್ನಿಸುತ್ತದೆ, ಆದರೆ ಮೇಜಿನಲ್ಲಿ ನಾವೇ ಮಾಡಿಕೊಂಡು ತಿನ್ನುವ ಈ ಇಡೀ ಬಗೆಗೆ ಒಂದು ಹೆಸರು ಹುಡುಕುವಾಗ ಕಷ್ಟ.

‘ತಾವೇ ಬೇಯಿಸಿ ತಿನ್ನುವ’ ಎಂದು ಬರೆದು ನೋಡಿದೆ, ಸಪ್ಪೆ. ಅಮ್ಮನ ಮಾತಿನ ‘-ಕೊಂಡು’ ಮಾತ್ರ ಅದನ್ನು ಒಂದೇ ಏಟಿಗೆ ಹೇಳಿಬಿಟ್ಟಿತು. ಸುಟ್ಟುಕೊಂಡು, ಹುಯ್ದುಕೊಂಡು, ಬೇಯಿಸಿಕೊಂಡು. ಹಾಗಾಗಿ ‘ಬೇಯಿಸಿಕೊಂಡು ತಿನ್ನುವ ಹೋಟೆಲ್’ ಎನ್ನೋಣವೇ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಎರಡನೆಯದು, ಮೊಂಜಾ ಮಾಡುವಾಗ ಮೊದಲು ಎಲೆಕೋಸನ್ನು ಕಾವಲಿ ಮೇಲೆ ಬಾಡಿಸಿ, ಎರಡು ಸಣ್ಣ ಸಟ್ಟುಗಗಳಲ್ಲಿ ಕಡಿಕಡಿದು, ಬಳೆಯ ಹಾಗೆ ಸುತ್ತ ಒತ್ತರಿಸಿ, ನಡುವಿನ ಗುಂಡಿಗೆ ನೀರುಹಿಟ್ಟು ಹುಯ್ಯಬೇಕು. ನನ್ನದು ಒಂದು ಕಡೆ ಒಡೆದು ಹಿಟ್ಟು ಹರಿಯಿತು. ಅಮ್ಮ ಸಟ್ಟುಗ ತೆಗೆದುಕೊಂಡು "ಬದು ಗಟ್ಟಿ ಹಾಕ್ಬೇಕು, ನೀರು ನಿಲ್ಲಬೇಡ್ವಾ" ಎಂದು ಸರಿ ಮಾಡಿದರು. ಆ ಸುತ್ತುಗಟ್ಟೆಗೆ ಜಪಾನಿಯಲ್ಲಿ ‘ದೊತೆ’ ಅನ್ನುತ್ತಾರೆ. ದೊತೆ ಎಂದರೆ ಮಣ್ಣಿನ ಏರಿ, ಬದು! ಅಮ್ಮನಿಗೆ ಜಪಾನಿ ಒಂದಕ್ಷರ ಬರುವುದಿಲ್ಲ. ಗದ್ದೆ ಕಂಡವರಿಗೆ ಎಲ್ಲ ಕಡೆಯೂ ಹೊಳೆಯುವುದು ಅದೇ ಪದ ಇರಬೇಕು.

ಅಕ್ಷರ ಅಂದಾಗ ನೆನಪಾಯಿತು. ‘ಮೊಂಜಾ’ ಬಂದದ್ದು ‘ಮೊಜಿ’ಯಿಂದ ಎನ್ನುತ್ತಾರೆ, ಮೊಜಿ ಎಂದರೆ ಅಕ್ಷರ. ಹಿಂದೆ ಮಿಠಾಯಿ ಅಂಗಡಿಗಳಲ್ಲಿ ಮಕ್ಕಳು ಕಾವಲಿ ಮೇಲೆ ಹಿಟ್ಟಿನಿಂದ ಅಕ್ಷರ ಬರೆದು ತಿನ್ನುತ್ತಿದ್ದರಂತೆ. ಇದನ್ನು ಹೇಳಿದ್ದೇ ತಡ, ಮಗಳು ಚಮಚದಲ್ಲಿ ಮಿಕ್ಕ ಹಿಟ್ಟಿನಿಂದ ದೊಡ್ಡದೊಂದು ‘ಅ’ ತಿದ್ದಿದಳು. ಬಾಲ ಸೀದುಹೋಯಿತು, ಆದರೂ ಬಿಡದೆ ತಿಂದಳು.

ಇನ್ನು ಶಾಬು-ಶಾಬು. ತೆಳ್ಳಗಿನ ಮಾಂಸದ ಚೂರನ್ನು ಕುದಿಯುವ ಸಾರಿನಲ್ಲಿ ಅತ್ತಿತ್ತ ಆಡಿಸಿ ತೆಗೆಯುವುದು. 1952ರಲ್ಲಿ ಓಸಾಕದ ಸುಎಹಿರೊ ಹೋಟೆಲಿನವರು ಇಟ್ಟ ಹೆಸರು, ಬಟ್ಟೆಯನ್ನು ನೀರಲ್ಲಿ ಆಡಿಸುವ ಸದ್ದಿನಿಂದ ಹೊಳೆದದ್ದು ಎನ್ನುತ್ತಾರೆ. ‘ಅದ್ದಿ ತೆಗೆ’ ಎಂದರೆ ಆ ಅಲುಗಾಟ ಬರುವುದಿಲ್ಲ. ‘ಅಲುಬು’, ‘ಜಾಲಾಡಿಸು’ ಸರಿಯಾಗಿ ಕೂರುತ್ತವೆ, ಆದರೆ ಪಾತ್ರೆ-ಬಟ್ಟೆಗಳ ಪದ ತಟ್ಟೆಗೆ ಬಂದರೆ ನಿಮಗೆ ಇರಿಸುಮುರಿಸಾಗುತ್ತದೆಯೇ? ನನಗೆ ಆಗಲಿಲ್ಲ. ಕುದಿಯುವ ಸದ್ದಿಗೆ ಅವರು ‘ಗುತ್ಸು-ಗುತ್ಸು’ ಎಂದರೆ ನಾವು ‘ಕೊತಕೊತ’ ಅನ್ನುತ್ತೇವೆ, ಈ ಜೋಡಿಪದಗಳಲ್ಲಿ ಎರಡು ಭಾಷೆಗಳೂ ಒಂದೇ ದಾರಿ ಹಿಡಿದಿವೆ.

ಕೊನೆಯದಾಗಿ, ಇಂಥ ಊಟದಲ್ಲಿ ಯಾರಾದರೊಬ್ಬರು "ಈಗ ಕೋಸು ಹಾಕು, ಇನ್ನೂ ಬೆಂದಿಲ್ಲ, ಮುಟ್ಟಬೇಡ" ಎಂದು ಪಾತ್ರೆಯನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರಲ್ಲ, ಅವರನ್ನು ‘ನಾಬೆ ಬುಗ್ಯೊ’ ಅನ್ನುತ್ತಾರೆ. ನಾಬೆ ಎಂದರೆ ಪಾತ್ರೆ, ಬುಗ್ಯೊ ಎಂದರೆ ಹಳೆಯ ಕಾಲದ ಅಧಿಕಾರಿ. ನಾನು ‘ಪಾತ್ರೆ ಪಾರುಪತ್ತೇಗಾರ’ ಎಂದು ಮಾಡಿದ್ದೇನೆ. ನಿಮ್ಮ ಕಡೆ ಒಲೆ ಮುಂದೆ ಹೀಗೆ ಕೂರುವವರಿಗೆ ಮೊದಲೇ ಒಂದು ಹೆಸರಿದ್ದರೆ ದಯವಿಟ್ಟು ಬರೆಯಿರಿ, ಊರಿನ ಹೆಸರನ್ನೂ ಸೇರಿಸಿ.