ಗಾಳಿಸುದ್ದಿ ಮಾದರಿ: ಶೇ 20 ಮಂದಿ ಉಳಿಯಬೇಕು, ನನ್ನಲ್ಲಿ ಯಾರೂ ಉಳಿಯುತ್ತಿಲ್ಲ

ಸುಳಿಗಾಳಿ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಗಾಳಿಸುದ್ದಿ ಹೇಗೆ ಹಬ್ಬಿ ಹೇಗೆ ತಣ್ಣಗಾಗುತ್ತದೆ ಎಂದು ಲೆಕ್ಕ ಹಾಕುವ ಡೇಲಿ–ಕೆಂಡಲ್ ಮಾದರಿಯನ್ನು ಪೈಥಾನ್‌ನಲ್ಲಿ ಬರೆದೆ. ಸುದ್ದಿ ತಣ್ಣಗಾದಾಗ ಶೇ 20.3 ಮಂದಿಗೆ ಅದು ಮುಟ್ಟಿರಲೇಬಾರದು. ನನ್ನಲ್ಲಿ ಎಲ್ಲರಿಗೂ ಮುಟ್ಟುತ್ತಿದೆ. ಕೋಡ್ ಸರಿಯಾಗಿದೆ, ಹತ್ತು ಸಲ ನೋಡಿದೆ. ಯಾರಾದರೂ ಹೇಳಿ.

ಹಳೇಫೋರ್ಟ್ರಾನ್: ಕಾಲವನ್ನು ಚೂರು ಚೂರಾಗಿ ಮುಂದೆ ತಳ್ಳುವ ಯೂಲರ್ ವಿಧಾನ ತಾನೇ? ಸ್ಟೆಪ್, ಅಂದರೆ ಆ ಚೂರು, ದೊಡ್ಡದಾಯಿತು. 0.001 ಇಡಿ.

ಸುಳಿಗಾಳಿ: ಇಟ್ಟೆ ಸರ್. ಅದೇ ಉತ್ತರ.

ಹಳೇಫೋರ್ಟ್ರಾನ್: 0.0001 ಇಡಿ. ಇಲ್ಲವೇ ಯೂಲರ್‌ಗಿಂತ ನಿಖರವಾದ ರುಂಗೆ–ಕುಟ್ಟಾ ವಿಧಾನ ಹಾಕಿ. ನೂರಕ್ಕೆ ನೂರು ಸ್ಟೆಪ್‌ನದೇ ತೊಂದರೆ.

ಜಾಲಗಾರ: ಸಮೀಕರಣ ಬಿಡಿ. ಎಲ್ಲರೂ ಎಲ್ಲರಿಗೂ ಸಿಗುವ ಊರು ಎಲ್ಲಿದೆ? ನಾನು 10 ಲಕ್ಷ ನೋಡ್‌ಗಳ (ಒಂದು ನೋಡ್ ಅಂದರೆ ಒಬ್ಬ ವ್ಯಕ್ತಿ) ಜಾಲದ ಮೇಲೆ ಓಡಿಸುತ್ತೇನೆ. ಮೊನ್ನೆ 64 ಜಿಬಿ ರ್‍ಯಾಮ್ ಹಾಕಿಸಿದೆ, ರಾತ್ರಿ ಬಿಟ್ಟರೆ ಬೆಳಗ್ಗೆ ರೆಡಿ.

ಬೀಟಾಗಾಮಾ: 20.3 ಅಂದರೆ ನೀವು ಬರೆದದ್ದು ಇನ್ನೊಂದು ಗಾಳಿಸುದ್ದಿ ಮಾದರಿ, ಮಾಕಿ–ಥಾಂಪ್ಸನ್ ಇರಬೇಕು, 1973ರದ್ದು.

ಕಾಗದಪೆನ್ನು: ಎರಡರಲ್ಲೂ 20.3 ಬರುತ್ತದೆ. ಡೇಲಿ–ಕೆಂಡಲ್‌ನಲ್ಲಿ ಹಬ್ಬಿಸುವ ಇಬ್ಬರು ಎದುರಾದರೆ ಇಬ್ಬರೂ ಸುಮ್ಮನಾಗುತ್ತಾರೆ, ಮಾಕಿ–ಥಾಂಪ್ಸನ್‌ನಲ್ಲಿ ಹೇಳಹೋದವರು ಮಾತ್ರ.

ಬೀಟಾಗಾಮಾ: ಹಾಗಿದ್ದರೂ ಹೆಸರು ಸರಿಯಾಗಿ ಹೇಳಬೇಕಲ್ಲ.

ಕಾಗದಪೆನ್ನು: ಹೆಸರು ಆಮೇಲೆ ನೋಡೋಣ. ಸುಳಿಗಾಳಿಯವರೇ, ಇಷ್ಟು ಹೊತ್ತಾದರೂ ಸಮೀಕರಣ ಹಾಕಿಲ್ಲ. ಕಾಲ 50ರಲ್ಲಿ ಎಷ್ಟು ಉಳಿದರು, 200ರಲ್ಲಿ ಎಷ್ಟು?

ಸುಳಿಗಾಳಿ: ಎಲ್ಲರಿಗೂ ಗೊತ್ತಿರುವುದೇ ಅಂದುಕೊಂಡೆ. ಕೇ = ಕೇಳದವರು, ಹ = ಹಬ್ಬಿಸುವವರು, ಸು = ಸುಮ್ಮನಾದವರು. ದರ ಎಲ್ಲಾ 1. ಶುರುವಿನಲ್ಲಿ ಹ = 0.001.
ಕೇ ಬದಲಾವಣೆ = −ಕೇ×ಹ
ಹ ಬದಲಾವಣೆ = ಕೇ×ಹ − ಹ×ಹ
50ರಲ್ಲಿ ಶೇ 0.6, 200ರಲ್ಲಿ ಶೇ 0.1ರ ಆಸುಪಾಸು. ಇಳಿಯುತ್ತಲೇ ಇದೆ.

ಹಳೇಫೋರ್ಟ್ರಾನ್: ನಿಲ್ಲುತ್ತಿಲ್ಲ ಅಂದರೆ ಸ್ಟೆಪ್ಪೇ.

ಕಾಗದಪೆನ್ನು: ಅಲ್ಲ ಸರ್, ಹ×ಸು ಬಿಟ್ಟುಹೋಗಿದೆ. ಹೇಳಹೋದವನಿಗೆ ಸುಮ್ಮನಾದವನು ಸಿಕ್ಕು "ಗೊತ್ತು ಮಾರಾಯ" ಅಂದರೂ ಇವನ ಉತ್ಸಾಹ ಇಳಿಯಬೇಕು. ನಿಮ್ಮದರಲ್ಲಿ ಬಾಯಿ ಮುಚ್ಚಿಸಬಲ್ಲವರು ಹಬ್ಬಿಸುವವರೇ. ಅವರು ವಿರಳವಾದ ಮೇಲೆ ಒಬ್ಬರಿಗೊಬ್ಬರು ಸಿಗುವುದಿಲ್ಲ, ಸುದ್ದಿ ಸಾಯುವುದಿಲ್ಲ. ಕೈಲೆಕ್ಕದಲ್ಲೂ ಕಾಣುತ್ತದೆ: ನಿಮ್ಮ ಸಮೀಕರಣಕ್ಕೆ ಹ = −ಕೇ×ಲಾಗ್(ಕೇ) (ಲಾಗ್ ಅಂದರೆ ಸಹಜ ಲಾಗರಿದಮ್), ಅದು ಮತ್ತೆ ಸೊನ್ನೆಯಾಗುವುದು ಕೇ ಸೊನ್ನೆಯಾದಾಗಲೇ. ಹ ಬದಲಾವಣೆಯಿಂದ ಹ×ಸು ಕೂಡ ಕಳೆದರೆ ಹ = 2(1−ಕೇ) + ಲಾಗ್(ಕೇ). ಇದು ಮತ್ತೆ ಸೊನ್ನೆಯಾಗುವುದು ಕೇ 0.203 ಆದಾಗ.

ಜಾಲಗಾರ: ಜಾಲದಲ್ಲಿ ಈ 0.203 ಹಾಗೇ ಉಳಿಯುವುದಿಲ್ಲ, ಬೇಕಾದರೆ ನನ್ನ ಗ್ರಾಫ್ ಹಾಕುತ್ತೇನೆ.

ಸುಳಿಗಾಳಿ: ಬಂತು! 0.203. ಕಾಲ 30 ದಾಟಿದ ಮೇಲೆ ಗೆರೆ ಅಲುಗುವುದಿಲ್ಲ. ತುಂಬಾ ಧನ್ಯವಾದ ಸರ್. ಸುಮ್ಮನಾಗುವ ದರವನ್ನು ಅರ್ಧ ಮಾಡಿಯೂ ನೋಡಿದೆ, ಶೇ 6 ಉಳಿಯಿತು. ಇದು ಸರಿಯೇ?

ಕಾಗದಪೆನ್ನು: ಸರಿ. ಲಾಗ್(ಕೇ) = −3(1−ಕೇ) ಬಿಡಿಸಿ, 0.0595 ಬರುತ್ತದೆ. ಕರ್ಮ್ಯಾಕ್–ಮೆಕೆಂಡ್ರಿಕ್ 1927ರಲ್ಲಿ ಸಾಂಕ್ರಾಮಿಕಕ್ಕೆ ಬರೆದ ಮಾದರಿಯಲ್ಲಿ ಒಬ್ಬ ರೋಗಿ ಮೂವರಿಗೆ ಅಂಟಿಸಿದರೆ ಉಳಿಯುವುದೂ ಇಷ್ಟೇ.