ಪದಚರ್ಚೆ: ಲಸಿಕೆಯ 'ಕವರೇಜ್' – ವ್ಯಾಪ್ತಿಯೋ, ಸಾಧನೆಯೋ?

ಗೆಳೆಯರೇ,
ದಡಾರ-ರುಬೆಲ್ಲಾ ಅಭಿಯಾನ ಮುಗಿದ ಮೇಲೆ ಮನೆಮನೆಗೆ ಹೋಗಿ ಸಮೀಕ್ಷೆ ಮಾಡುವವರಿಗಾಗಿ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ಶನಿವಾರ ಅಚ್ಚಿಗೆ ಕೊಡಬೇಕು. 'ಕವರೇಜ್', ಅಂದರೆ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಸಿಕ್ಕಿದೆ ಎಂಬುದು, ಅಲ್ಲಿ ನಿಂತುಬಿಟ್ಟಿದ್ದೇನೆ. ಇಲಾಖೆಯ ಪಟ್ಟಿಗಳಲ್ಲಿ 'ಗುರಿ', 'ಸಾಧನೆ' ಎಂದು ಎರಡು ಕಾಲಂ ಇರುತ್ತವಲ್ಲ, ಆ 'ಸಾಧನೆ'ಯನ್ನೇ ಇಲ್ಲಿಗೂ ತರಬಹುದೇ? ಇನ್ನೊಂದು, 'ಕ್ಲಸ್ಟರ್', ಸಮೀಕ್ಷೆಗೆಂದು ಆರಿಸಿಕೊಂಡ ಊರು ಅಥವಾ ವಾರ್ಡ್. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ವಿಧಾನದ ಪ್ರಕಾರ 30 ಕ್ಲಸ್ಟರ್, ಒಂದೊಂದರಲ್ಲಿ 7 ಮಕ್ಕಳು, ಒಟ್ಟು 210. ದಯವಿಟ್ಟು ಬೇಗ ತಿಳಿಸಿ.
– ರಾಯಚೂರಿನಿಂದ

ವ್ಯಾಪ್ತಿ. ಇದರಲ್ಲಿ ಚರ್ಚೆಗೇನಿದೆ? 'ಲಸಿಕಾ ವ್ಯಾಪ್ತಿ' ಎಂದು ಬರೆಯಿರಿ. 'ಲಸಿಕೆ ವ್ಯಾಪ್ತಿ' ಎಂದು ಮಾತ್ರ ಬರೆಯಬೇಡಿ. ಲಸಿಕೆಯ ಮೂಲ ಸಂಸ್ಕೃತದ 'ಲಸೀಕಾ', ಮೈಯೊಳಗಿನ ನೀರಿನಂಥ ರಸ. ಕರುವಿನ ಮೈಮೇಲೆ ಬೆಳೆಸಿದ ರಸವನ್ನು ಸಿಡುಬಿಗೆ ಹಾಕುತ್ತಿದ್ದ ಕಾಲದಲ್ಲಿ ಇಂಗ್ಲಿಷಿನವರೂ ಅದನ್ನು 'ಲಿಂಫ್' ಎಂದೇ ಕರೆಯುತ್ತಿದ್ದರು. ಬೇರು ತಿಳಿದಿದ್ದರೆ ಸಮಾಸ ಕೆಡುವುದಿಲ್ಲ.
– ಮೈಸೂರಿನಿಂದ

ಕನ್ನಡಕ್ಕೆ ಬಂದು 'ಲಸಿಕೆ' ಆದಮೇಲೆ ಅದು ಕನ್ನಡದ ಪದ. ಅದನ್ನು ಮತ್ತೆ ಆಕಾರಾಂತ ಮಾಡಿ ಹಿಂದಕ್ಕೆ ಕಳಿಸುವ ಅಗತ್ಯವಿಲ್ಲ. ನಮ್ಮ ಅಜ್ಜಿ 'ದಾಕು ಹಾಕಿಸು' ಅನ್ನುತ್ತಿದ್ದರು. ಅದನ್ನು ಯಾರೂ ಉಳಿಸಿಕೊಳ್ಳಲಿಲ್ಲ.
'ವ್ಯಾಪ್ತಿ'ಯನ್ನು ನಾನು ಒಪ್ಪುವುದಿಲ್ಲ. ಪೊಲೀಸ್ ಠಾಣೆಗೆ ವ್ಯಾಪ್ತಿಯಿದೆ, ಪಂಚಾಯತಿಗೆ ವ್ಯಾಪ್ತಿಯಿದೆ. ಅದು ಗೆರೆ ಎಳೆದ ಜಾಗ. ಆ ಗೆರೆಯೊಳಗೆ ಒಂದು ಮಗುವಿಗೂ ಲಸಿಕೆ ಸಿಗದಿದ್ದರೂ ವ್ಯಾಪ್ತಿ ಹಾಗೆಯೇ ಇರುತ್ತದೆ. 'ಮುಟ್ಟುವಿಕೆ' ಅನ್ನಿ. ಕ್ಲಸ್ಟರ್‌ಗೆ 'ಗೊಂಚಲು'.
– ಶಿರಸಿಯಿಂದ

'ಮುಟ್ಟುವಿಕೆ' ಕೇಳಿದರೆ ರೋಗ ಮುಟ್ಟಿದಂತಿದೆ. ಬೇಡ.
– ಮೈಸೂರಿನಿಂದ

ಇಂಥ ಸಮೀಕ್ಷೆಗೆಂದು ಓಣಿ ಓಣಿ ಸುತ್ತಿದವಳಾಗಿ ಹೇಳುತ್ತೇನೆ, 'ಸಾಧನೆ' ಖಂಡಿತ ಬೇಡ. ಅದು ಹಾಕಿದ ಡೋಸುಗಳ ಲೆಕ್ಕ. ಅಂದಾಜು ಮಾಡಿಟ್ಟ ಗುರಿಯಿಂದ ಅದನ್ನು ಭಾಗಿಸುತ್ತಾರೆ. ಗುರಿಯನ್ನು ಕಡಿಮೆ ಹಿಡಿದಿದ್ದರೆ, ಪಕ್ಕದ ತಾಲ್ಲೂಕಿನ ಮಕ್ಕಳೂ ಬಂದು ಹಾಕಿಸಿಕೊಂಡರೆ, ಸಾಧನೆ ಶೇ. 100 ದಾಟಿಬಿಡುತ್ತದೆ. ಊರಾಚೆಯ ಇಟ್ಟಿಗೆ ಭಟ್ಟಿಯ ಮಕ್ಕಳನ್ನು ಗುರಿಯಲ್ಲೇ ಎಣಿಸಿರುವುದಿಲ್ಲ. ಹಾಗಾಗಿ ಅವರು ತಪ್ಪಿಹೋದದ್ದು ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ದಡಾರ ಹರಡದಂತೆ ತಡೆಯಲು ಶೇ. 95ರಷ್ಟು ಮಕ್ಕಳಿಗಾದರೂ ಲಸಿಕೆ ಆಗಿರಬೇಕು. ಉಳಿದವರು ಒಂದೇ ಕಡೆ ಗುಂಪಾಗಿದ್ದರೆ ಆ ಶೇ. 95 ಕೂಡ ಸಾಲದು. ಸಮೀಕ್ಷೆ ಇರುವುದೇ ಆ ಮಕ್ಕಳನ್ನು ಹುಡುಕಲು. ಅದಕ್ಕೆ ನನ್ನ ಸಲಹೆ: 'ಲಸಿಕೆ ಪಡೆದ ಮಕ್ಕಳ ಪ್ರಮಾಣ'. ಈ ಪದದಲ್ಲಿ ಮಗು ಇದೆ.

ಪ್ರಶ್ನೆಗಳನ್ನೂ ನೋಡಿಕೊಳ್ಳಿ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಅಭಿಯಾನ 9 ತಿಂಗಳಿಂದ 15 ವರ್ಷದೊಳಗಿನವರಿಗೆ. ಮೊದಲು ಹಾಕಿಸಿದ್ದರೂ ಮತ್ತೊಮ್ಮೆ. ದೊಡ್ಡ ಮಕ್ಕಳಿಗೆ ಶಾಲೆಯಲ್ಲೇ ಹಾಕಿದರು, ತಾಯಿ ಕಣ್ಣಾರೆ ಕಂಡಿಲ್ಲ. 'ಲಸಿಕೆ ಹಾಕಿಸಿದ್ದೀರಾ?' ಎಂದಷ್ಟೇ ಕೇಳಿದರೆ ಆಕೆ ಮಗು ಹುಟ್ಟಿದಾಗಿನ ಪೋಲಿಯೊ ಹನಿಯನ್ನೂ ಸೇರಿಸಿ ಹೌದು ಎನ್ನುತ್ತಾಳೆ. ನಿಮ್ಮ ಕಡೆ ದಡಾರಕ್ಕೆ 'ಗೊಬ್ಬರ' ಅನ್ನುತ್ತಾರೆ, ಅದನ್ನೂ ಜೊತೆಗೆ ಬರೆಯಿರಿ, ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಅರ್ಥವಾಗುವುದಿಲ್ಲ.

'ಗೊಂಚಲು' ದ್ರಾಕ್ಷಿಗೆ ಇರಲಿ. ಆದರೆ 'ಕ್ಲಸ್ಟರ್' ಎಂದರೂ ನಮ್ಮ ಮೇಷ್ಟ್ರುಗಳಿಗೆ ಶಾಲೆಗಳ ಗುಂಪೊಂದನ್ನು ನೋಡಿಕೊಳ್ಳುವ ಸಿಆರ್‌ಪಿಯ ಕ್ಲಸ್ಟರ್ ನೆನಪಾಗುತ್ತದೆ. 'ಆಯ್ದ ಊರು ಅಥವಾ ವಾರ್ಡ್' ಎಂದರೆ ಸಾಕು.
– ಕೊಪ್ಪಳದಿಂದ

ನಾಲ್ಕು ಪದದ ವಿವರಣೆ ಪಾರಿಭಾಷಿಕವಾಗುವುದಿಲ್ಲ. ಕೋಷ್ಟಕದ ತಲೆಬರಹದಲ್ಲಿ ಹಿಡಿಸುವುದೂ ಇಲ್ಲ. ಶಾಸ್ತ್ರಕ್ಕೆ ಶಾಸ್ತ್ರದ ಭಾಷೆ ಬೇಕು. ಭಾರತದ ಬೇರೆ ಭಾಷೆಗಳ ಜೊತೆ ಹೊಂದುವ ಪದವಿದ್ದರೆ ಎಲ್ಲರಿಗೂ ಅನುಕೂಲ.
– ಮೈಸೂರಿನಿಂದ

ಬೇರೆ ಭಾಷೆಗಳಿಗೆ ಹೊಂದಲೆಂದು ನಾವು ಬರೆಯುವುದಿಲ್ಲ. ಫಾರಂ ಹಿಡಿದು ಬಾಗಿಲಲ್ಲಿ ನಿಲ್ಲುವವರು ಆಶಾ ಕಾರ್ಯಕರ್ತೆಯರು. 'ಡೋಸ್', 'ತಾಯಿ ಕಾರ್ಡ್' ಎಲ್ಲ ಜನರ ಬಾಯಲ್ಲಿ ಕನ್ನಡವೇ ಆಗಿವೆ, ನಾನೂ ಅವನ್ನು ಬದಲಿಸು ಎನ್ನುವುದಿಲ್ಲ. ಆಡುವವರಿಲ್ಲದ ಸಂಸ್ಕೃತ ಸಮಾಸವನ್ನು ಹೊಸದಾಗಿ ಹೇರುವುದಕ್ಕೆ ನನ್ನ ವಿರೋಧ. 'ಗೊಂಚಲು' ಬಿಟ್ಟುಕೊಡುತ್ತೇನೆ, 'ವ್ಯಾಪ್ತಿ'ಗೆ ಒಪ್ಪಿಗೆ ಇಲ್ಲ.
– ಶಿರಸಿಯಿಂದ

ಎಲ್ಲರಿಗೂ ನಮಸ್ಕಾರ. ಕೋಷ್ಟಕದಲ್ಲಿ 'ಲಸಿಕೆ ಪಡೆದವರು (ಶೇ.)', ಪಠ್ಯದಲ್ಲಿ 'ಲಸಿಕೆ ಪಡೆದ ಮಕ್ಕಳ ಪ್ರಮಾಣ', ಕ್ಲಸ್ಟರ್ ಬದಲು 'ಆಯ್ದ ಊರು/ವಾರ್ಡ್' ಎಂದು ಹಾಕಿದ್ದೇನೆ. ಪ್ರಶ್ನೆ ಹೀಗಿದೆ: 'ಈ ಸಲದ ಅಭಿಯಾನದಲ್ಲಿ, ಶಾಲೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ, ಈ ಮಗುವಿಗೆ ದಡಾರ (ಗೊಬ್ಬರ)-ರುಬೆಲ್ಲಾ ಸೂಜಿ ಹಾಕಿದರೇ? ಮಗು ಮನೆಯಲ್ಲಿದ್ದರೆ ಅದನ್ನೂ ಕೇಳಿ.' ಇದರಲ್ಲಿ 'ಸೂಜಿ' ಸರಿಯೇ, 'ಚುಚ್ಚುಮದ್ದು' ಅನ್ನಬೇಕೇ? ನಾಳೆ ಮಧ್ಯಾಹ್ನದವರೆಗೆ ಸಮಯವಿದೆ.
– ರಾಯಚೂರಿನಿಂದ

ಸೂಜಿ.
– ಕೊಪ್ಪಳದಿಂದ