ಸಸಿ ನೀರನ್ನು ‘ಬಳಸುತ್ತದೆಯೇ’, ‘ಉಣ್ಣುತ್ತದೆಯೇ’?

ಮಾನ್ಯರೇ,

ಪುಣೆಯಲ್ಲಿ ನಮ್ಮ ಬಡಾವಣೆಯ ಹಿಂದಿರುವ ಟೇಕಡಿಯ (ಸಣ್ಣ ಗುಡ್ಡದ) ಮೇಲೆ ಸಸಿ ನೆಟ್ಟು ಕಾಯುತ್ತಿರುವ ಕೆಲವು ಕನ್ನಡಿಗರಿಗಾಗಿ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಸಸಿಗಳ ನೀರಿನ ಬಳಕೆ’ ಎಂಬ ತಲೆಬರಹದಲ್ಲೇ ಎಡವಿದ್ದೇನೆ. ವಿಜಯಪುರದ ಕಡೆಯವರಾದ ನಮ್ಮ ತಾಯಿ ಅದನ್ನು ಓದಿ, “ಗಿಡಕ್ಕ ಬಳಸೂ ನೀರು ಹಾಕ್ರಿ ಅಂತ ಬರದೀಯೇನು?” ಎಂದು ಕೇಳಿದರು. ಕುಡಿಯುವ ನೀರಿಗೊಂದು ಕೊಡ, ಬಳಸುವ ನೀರಿಗೊಂದು ಕೊಡ ಇಡುವ ಮನೆಯವರಿಗೆ ಆ ಅರ್ಥವೇ ಮೊದಲು ಹೊಳೆಯುವುದು ಸಹಜ.

ಹೊಲಕ್ಕೆ ‘ನೀರುಣಿಸುವ’ ಮಾತು ನಮ್ಮಲ್ಲಿ ಇದ್ದೇ ಇದೆ. ಉಣಿಸುವವನು ರೈತನಾದರೆ ಉಣ್ಣುವುದು ಪೈರು ತಾನೇ ಎಂದುಕೊಂಡು ‘ನೀರೂಟ’ ಎಂದು ಬರೆದು ನೋಡಿದೆ. ಆದರೆ ಉಂಡದ್ದು ಮೈಗೆ ಹತ್ತಬೇಕು; ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಪತ್ರರಂಧ್ರಗಳಿಂದ, ಎಂದರೆ ಎಲೆಯ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ, ಆವಿಯಾಗಿ ಹೊರಟುಹೋಗುತ್ತದೆ. ಕಳೆದ ಮಾರ್ಚಿನಲ್ಲಿ ಬೇವಿನ ಸಸಿಯೊಂದರ ಚೀಲದ ಬಾಯಿಗೆ, ಮಣ್ಣಿನಿಂದ ಆವಿ ಹೋಗದಂತೆ, ಕಾಂಡದ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ: ಬೆಳಿಗ್ಗೆ 1,840 ಗ್ರಾಂ, ಸಂಜೆ 1,790. ಎಲೆಯಿಂದ ಹಾರಿಹೋದ ಆ 50 ಗ್ರಾಂ ನೀರನ್ನು ಸಸಿಯ ಊಟವೆನ್ನಲು ಮನಸ್ಸು ಒಪ್ಪಲಿಲ್ಲ.

ಎಲೆಯಿಂದ ನೀರು ಆವಿಯಾಗಿ ಹೋಗುವ ಈ ಕ್ರಿಯೆಗೆ ನಮ್ಮ ಪಠ್ಯಗಳ ‘ಬಾಷ್ಪವಿಸರ್ಜನೆ’ ಸರಿಯಾಗಿಯೇ ಇದೆ. ಮರಾಠಿಯ ‘ಬಾಷ್ಪೋಚ್ಛ್ವಾಸ’ ಕೇಳಲು ಇಂಪಾಗಿದ್ದರೂ ಇಲ್ಲಿನ ನಾವು ಅದನ್ನು ಎತ್ತಿಕೊಳ್ಳುವಂತಿಲ್ಲ. ಮರಾಠಿಯಲ್ಲಿ ಉಚ್ಛ್ವಾಸವೆಂದರೆ ಹೊರಬಿಡುವ ಉಸಿರು, ಕನ್ನಡದಲ್ಲಿ ಒಳಗೆಳೆದುಕೊಳ್ಳುವ ಉಸಿರು, ಹಾಗಾಗಿ ಅರ್ಥ ತಲೆಕೆಳಗಾಗುತ್ತದೆ.

ನನ್ನ ನಿಜವಾದ ತೊಡಕಿರುವುದು ‘ನೀರಿನ ಬಳಕೆಯ ದಕ್ಷತೆ’ ಎಂಬಲ್ಲಿ. ಸಸಿ ಕಳೆದುಕೊಂಡ ಪ್ರತಿ ಲೀಟರ್ ನೀರಿಗೆ ಎಷ್ಟು ಗ್ರಾಂ ಒಣತೂಕ ಬೆಳೆಯಿತು ಎಂಬ ಲೆಕ್ಕವದು. ಇದನ್ನು ‘ಮಿತಬಳಕೆ’ ಎಂದರೆ ತಪ್ಪಾಗುತ್ತದೆ. ರಂಧ್ರ ಮುಚ್ಚಿ ಕುಳಿತ ಸಸಿ ನೀರನ್ನೇನೋ ಉಳಿಸುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವ ದಾರಿಯೂ ಅದೇ ಆದ್ದರಿಂದ ಬೆಳೆಯುವುದಿಲ್ಲ. ಕರಿಬಂಡೆಯ ಮೇಲೆ ತೆಳ್ಳಗೆ ಗರಸು (ಕಲ್ಲುಮಿಶ್ರಿತ ಒರಟು ಮಣ್ಣು) ಹರಡಿರುವ ನಮ್ಮ ಟೇಕಡಿಯಂಥ ಸವೆದ ನೆಲದಲ್ಲಿ, ಮಳೆಯ ನಾಲ್ಕು ತಿಂಗಳು ಧಾರಾಳವಾಗಿ ನೀರು ಹೀರಿ, ಬಂಡೆಯ ಸಂದಿಗೆ ಬೇರಿಳಿಸಿದ ಸಸಿಗೇ ಬೇಸಿಗೆ ದಾಟುವ ಸಾಧ್ಯತೆ ಹೆಚ್ಚು.

ಹಳೆಯ ಅಕ್ಕಿ ‘ಒದಗುತ್ತದೆ’ ಎನ್ನುತ್ತೇವೆ. ಅಳತೆ ಅಷ್ಟೇ, ಅನ್ನ ಹೆಚ್ಚು. ಅದೇ ಜಾಡಿನಲ್ಲಿ ‘ಈ ಸಸಿಗೆ ನೀರು ಹೆಚ್ಚು ಒದಗುತ್ತದೆ’ ಎಂದು ಬರೆದರೆ ದಕ್ಷತೆಯ ಅರ್ಥ ಬರುತ್ತದೆಯೇ, ಇಲ್ಲವೇ ನೀರಿನ ಪೂರೈಕೆ ಹೆಚ್ಚಿದೆ ಎಂದು ಓದುಗರು ತಿಳಿದುಬಿಡುತ್ತಾರೆಯೇ? ‘ಒದಗುವಿಕೆ’ಯಲ್ಲಿ ಈ ಗೊಂದಲ ಇನ್ನೂ ಹೆಚ್ಚೆಂದು ನನ್ನ ಭಾವನೆ. ನಿಮ್ಮ ಕಡೆ ಅಕ್ಕಿ, ಹಿಟ್ಟುಗಳಾಚೆ ನೀರಿಗೋ ಗೊಬ್ಬರಕ್ಕೋ ‘ಒದಗು’ ಎನ್ನುವ ರೂಢಿಯಿದ್ದರೆ, ಪೂರ್ಣ ವಾಕ್ಯದ ಸಮೇತ ದಯವಿಟ್ಟು ತಿಳಿಸಿ. ಮಿರಗದ (ಮೃಗಶಿರಾ) ಮಳೆಗೆ ಮೊದಲು ಕೈಪಿಡಿ ಅಚ್ಚಿಗೆ ಹೋಗಬೇಕಿದೆ.